ಕಿಟಕಿ ನೋಡುವ ಹೊತ್ತು

ಏಪ್ರಿಲ್ 11

ಅಮ್ಮ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರುಮಾಡಿದರೆ ನೀನು ನಂಬುವುದಿಲ್ಲ. ಅದಕ್ಕೇ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಪುಟ್ಟಿ ಈ ಸೆಕೆಯಲ್ಲೂ ನಿನ್ನ ಹಳೇ ಶಾಲು ಹೊದ್ದುಕೊಂಡೇ ಮಲಗುತ್ತಾಳೆ. ತೆಗಿಯೇ ಅಂದರೆ ನನ್ನ ಮೇಲೆ ಎಗರಿ ಬೀಳುತ್ತಾಳೆ. ಅಪ್ಪ ರಾತ್ರಿ ಕಾವಲು ಮುಗಿಸಿ ಬರುವ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿರುತ್ತೇನೆ. ನಮ್ಮ ಮಾತುಕತೆಯೆಲ್ಲ ಬಾಗಿಲಲ್ಲೇ ಮುಗಿದುಹೋಗುತ್ತದೆ. "ಹಾಲು ಕಾಸಿದ್ದೀಯಾ?" "ಕಾಸಿದ್ದೀನಿ." ಆಮೇಲೆ ಅವರು ಒಳಗೆ, ನಾನು ಹೊರಗೆ.

ಸೋಮವಾರದಿಂದ ನಿನ್ನ ಕುರ್ಚಿಯಲ್ಲಿ ಕೂತಿದ್ದೇನೆ. ಕಾರ್ಖಾನೆಯ ಆಫೀಸಿನಲ್ಲಿ ಇನ್ನೊಮ್ಮೆ ಬಿಡಿಸಿ ಹೇಳಿದರು. ಕಾಯಿಲೆ ಬಿದ್ದವರ ಕುರ್ಚಿಯಲ್ಲಿ ಮನೆಯವರೊಬ್ಬರು ಮೂರು ತಿಂಗಳು ಬದಲಿ ಕೂರಬಹುದು. ಅಲ್ಲಿಯವರೆಗೆ ಕುರ್ಚಿಯೂ ನಿನ್ನದೇ, ಕಾರ್ಖಾನೆಯವರ ಕಡೆಯಿಂದ ಸಿಕ್ಕಿರುವ ಆಸ್ಪತ್ರೆಯ ಹಾಸಿಗೆಯೂ ನಿನ್ನದೇ. ಕುರ್ಚಿ ಖಾಲಿಯಾದರೆ ಎರಡೂ ಕೈತಪ್ಪಿದವು. ನನ್ನ ಕಾಲೇಜಿಗೂ ಅಷ್ಟೇ ದಿನ ರಜೆ. ಜುಲೈಯಲ್ಲಿ ನೀನು ಬಂದು ಕೂರುತ್ತೀಯ, ನಾನು ಎದ್ದು ಕೊನೆಯ ವರ್ಷಕ್ಕೆ ಹೋಗುತ್ತೇನೆ. ನೀನು ಔಷಧಿ ಕುಡಿದು ಬೇಗ ಗುಣವಾಗುವ ಕೆಲಸ ನೋಡಿಕೋ, ಬಾಟಲಿಗಳನ್ನು ನಾನು ನೋಡಿಕೊಳ್ಳುತ್ತೇನೆ.

ನೀನು ಇಷ್ಟು ವರ್ಷ ದಿನವಿಡೀ ಏನು ಮಾಡುತ್ತೀಯ ಎಂದು ನನಗೆ ಗೊತ್ತೇ ಇರಲಿಲ್ಲ, ನೋಡು. ಎಡಗಡೆಯಿಂದ ಇಂಜೆಕ್ಷನ್ ಬಾಟಲಿಗಳ ತಟ್ಟೆ ಬರುತ್ತದೆ. ಕುತ್ತಿಗೆ ಹಿಡಿದು ಎತ್ತು, ತಲೆಕೆಳಗು ಮಾಡು, ದೀಪದ ಮುಂದೆ ಹಿಡಿ. ಕಪ್ಪು ಹಲಗೆಯ ಮುಂದೆ ಬಿಳಿ ಎಳೆ ಕಾಣುತ್ತದೆ, ಬಿಳಿ ಹಲಗೆಯ ಮುಂದೆ ಕಪ್ಪು ಚುಕ್ಕೆ. ಕಂಡರೆ ಕೆಂಪು ಡಬ್ಬಿಗೆ, ಕಾಣದಿದ್ದರೆ ಬಲಗಡೆಗೆ. ಧೂಳು ಏಳುತ್ತದೆಂದು ಫ್ಯಾನು ಹಾಕುವ ಹಾಗಿಲ್ಲ. ಟೋಪಿ, ಮುಖಕ್ಕೆ ಬಟ್ಟೆ, ಉದ್ದ ತೋಳು. ಮಧ್ಯಾಹ್ನದ ಹೊತ್ತಿಗೆ ನಾನು ಬೆಂದುಹೋಗಿರುತ್ತೇನೆ.

ಒಂದು ತಟ್ಟೆ ಮುಗಿದಾಗ ಸಾಲಿನವರೆಲ್ಲ ಕೈ ಕೆಳಗಿಟ್ಟು ದೂರದ ಕಿಟಕಿ ನೋಡುತ್ತಾರೆ. ಕನ್ನಡಕದ ಅಕ್ಕ ಮೇಜು ತಟ್ಟುವವರೆಗೂ ಯಾರೂ ಮುಂದಿನ ತಟ್ಟೆ ಮುಟ್ಟುವುದಿಲ್ಲ. ಮೊದಲ ದಿನ ನಾನು ಯಾರೋ ಸತ್ತಿರಬೇಕು, ಮೌನ ಆಚರಿಸುತ್ತಿದ್ದಾರೆ ಎಂದುಕೊಂಡೆ! ಆಮೇಲೆ ನೋಡಿದರೆ ಎದುರಿನ ತಾರಸಿಯಲ್ಲಿ ಬಟ್ಟೆ ಒಣಗಿಸುವ ಹೆಂಗಸಿನ ಸಂಸಾರದ ಪಂಚಾಯಿತಿ ನಡೀತಾ ಇದೆ. "ಗಂಡನ ಅಂಗಿ ಮೂರು ದಿನದಿಂದ ಹಗ್ಗಕ್ಕೆ ಬಂದಿಲ್ಲ ಕಣ್ರೇ, ಜಗಳ ಆಗಿದೆ" ಅಂತ ಒಬ್ಬಳು. ನಿನಗೂ ಅವಳ ಗುರುತು ಇರಬೇಕಲ್ಲ?

ನಿನ್ನ ಬದಲಿ,
ದೊಡ್ಡವಳು


ಏಪ್ರಿಲ್ 19

ದೊಡ್ಡವಳಿಗೆ,

ಕಾಗದ ಬಂತು. ಪಕ್ಕದ ಹಾಸಿಗೆಯವಳಿಗೂ ಓದಿ ಹೇಳಿದೆ. ನಕ್ಕು ನಕ್ಕು ಇಬ್ಬರಿಗೂ ಕೆಮ್ಮು ಬಂದು ನರ್ಸಮ್ಮನಿಂದ ಬೈಸಿಕೊಂಡೆವು.

ಇಲ್ಲಿ ಬೆಳಿಗ್ಗೆ ಜಗಲಿಯಲ್ಲಿ ಕೂರಿಸುತ್ತಾರೆ. ಸಪ್ಪೆ ಊಟ. ಸಂಜೆ ಇಂಜೆಕ್ಷನ್. ಚುಚ್ಚುವ ಮೊದಲು ನಾನು ಬಾಟಲಿ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡುತ್ತೇನೆ. "ಕೊಡಮ್ಮಾ ಇಲ್ಲಿ, ಇದೇನು ನಿಮ್ಮ ಕಾರ್ಖಾನೇನಾ?" ಎಂದು ನರ್ಸಮ್ಮ ಕಿತ್ತುಕೊಳ್ಳುತ್ತಾಳೆ. ಕೈ ಕೇಳಬೇಕಲ್ಲ.

ತಾರಸಿಯವಳು ನನಗೆ ಗೊತ್ತಿಲ್ಲದೆ ಇರುತ್ತಾಳೆಯೇ? ನಾನು ಇಲ್ಲಿಗೆ ಬರುವಾಗ ಅವಳು ಬಸುರಿ. ಹಗ್ಗದ ಮೇಲೆ ಸಣ್ಣ ಬಟ್ಟೆ ಕಂಡರೆ ಬರಿ.

ನೀನು ಮಾತ್ರ ನಿಧಾನವಾಗಿ ಕೆಲಸ ಮಾಡು. ಎಲ್ಲರೂ ಕಿಟಕಿ ನೋಡುವಾಗ ನೀನೂ ನೋಡು. ಕಣ್ಣಿಗೆ ಒಳ್ಳೆಯದು. ಕನ್ನಡಕದ ಅಕ್ಕ ಹೇಳಿದ ಹಾಗೆ ಕೇಳು, ಅವಳು ನನ್ನ ಸ್ವಂತ ಅಕ್ಕನಿಗಿಂತ ಹೆಚ್ಚು. ನಿನ್ನ ಆತುರದ ಬುದ್ಧಿಯನ್ನು ಗೇಟಿನ ಹೊರಗೆ ಬಿಟ್ಟು ಹೋಗು.

ನಿಮ್ಮಪ್ಪನಿಗೆ ಹಗಲು ನಿದ್ದೆ ಬರುತ್ತದೆಯೇ? ಪುಟ್ಟಿಯ ಶಾಲು ಕಸಿದುಕೊಳ್ಳಬೇಡ.

ಅಮ್ಮ


ಮೇ 3

ಅಮ್ಮ,

ಒಂದು ಸಂತೋಷದ ಸುದ್ದಿ, ಮೊದಲು ಅದನ್ನೇ ಹೇಳಿಬಿಡುತ್ತೇನೆ. ಬಾಗಿಲ ಪಕ್ಕದ ಹಲಗೆಯಲ್ಲಿ ದಿನವೂ ಯಾವ ಕುರ್ಚಿ ಎಷ್ಟು ತಟ್ಟೆ ಮುಗಿಸಿತು ಎಂದು ಬರೆಯುತ್ತಾರಲ್ಲ, ಈ ವಾರವಿಡೀ ಎಲ್ಲರಿಗಿಂತ ಮೇಲೆ ನಿನ್ನ ಹೆಸರೇ! ಕುರ್ಚಿ ನಿನ್ನದಾದ್ದರಿಂದ ಹೆಸರೂ ನಿನ್ನದೇ ಹಾಕುತ್ತಾರೆ. ದಿನಾ ಮನೆಗೆ ಹೊರಡುವಾಗ ಅಲ್ಲಿ ನಿಂತು ಅದನ್ನು ಓದಿಕೊಂಡೇ ಬರುತ್ತೇನೆ.

ಕಾಲೇಜಿನಲ್ಲಿ ವರ್ಷವಿಡೀ ಸೂಕ್ಷ್ಮದರ್ಶಕದಲ್ಲಿ ಎಲೆಯ ನರ ಹುಡುಕಿದ ಕಣ್ಣು ಇದು ಅಮ್ಮ. ಎರಡು ಕೈಯಲ್ಲೂ ಬಾಟಲಿ ಎತ್ತುವುದು ಕಲಿತೆ. ಕಿಟಕಿ ನೋಡುವುದನ್ನೂ ಬಿಟ್ಟೆ. ನನಗೆ ಕಣ್ಣು ನೋಯುವುದಿಲ್ಲ, ಸುಮ್ಮನೆ ಕೂತು ಏನು ಮಾಡಲಿ? ಅವರು ಅತ್ತ ನೋಡುವಷ್ಟರಲ್ಲಿ ನನ್ನದು ಇನ್ನೊಂದು ತಟ್ಟೆ ಅರ್ಧ ಮುಗಿದಿರುತ್ತದೆ.

ನಿಮ್ಮ ಮೇಲ್ವಿಚಾರಕ, ಅದೇ ನೀವೆಲ್ಲ ಗಡಿಯಾರ ಎಂದು ಹೆಸರಿಟ್ಟಿರುವವರು, ಮೊನ್ನೆ ಮ್ಯಾನೇಜರನ್ನೇ ನನ್ನ ಕುರ್ಚಿಯ ಹಿಂದೆ ಕರೆತಂದು ನಿಲ್ಲಿಸಿದರು. "ನೋಡಿ ಸಾರ್, ಇಷ್ಟೂ ಆಗುತ್ತೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮಾ, ನಿಮ್ಮಮ್ಮ ಇಷ್ಟು ದಿನ ಇಲ್ಲಿ ನಿದ್ದೆ ಮಾಡ್ತಿದ್ರಾ?" ಅಂದರು. ಎಲ್ಲರೂ ನಕ್ಕರು. ಅಲ್ಲ, ಸಾಲಿನವರು ನಗಲಿಲ್ಲ, ಮ್ಯಾನೇಜರು ನಕ್ಕರು. ನಾನೂ ನಕ್ಕೆ.

ನಿನ್ನ ಗೆಳತಿಯರು ಈಗೀಗ ನನ್ನ ಜೊತೆ ಅಷ್ಟಾಗಿ ಮಾತಾಡುವುದಿಲ್ಲ. ಊಟಕ್ಕೆ ಕೂತಾಗ ನನ್ನ ಪಕ್ಕ ಜಾಗ ಖಾಲಿ. ಹೊಟ್ಟೆಕಿಚ್ಚು ಇರಬೇಕು. ಇರಲಿ ಬಿಡು. ಜುಲೈಯಲ್ಲಿ ನೀನು ವಾಪಸು ಬಂದಾಗ ನಿನ್ನ ಕುರ್ಚಿಗೆ ಎಷ್ಟು ಮರ್ಯಾದೆ ಬಂದಿದೆ ಎಂದು ನೋಡುವೆಯಂತೆ.

ಹಗ್ಗದ ಮೇಲೆ ಸಣ್ಣ ಬಟ್ಟೆ ಬಂದಿದೆಯೋ ಇಲ್ಲವೋ ನಾನು ಗಮನಿಸಿಲ್ಲ.

ನಿನ್ನ ಬದಲಿ


ಮೇ 9

ದೊಡ್ಡವಳೇ,

ಈ ಕಾಗದ ಕೈಸೇರಿದ ದಿನವೇ ನಿಲ್ಲಿಸು. ಎರಡು ಕೈಯಲ್ಲಿ ಎತ್ತಬೇಡ. ಎಲ್ಲರೂ ಕೈ ಕೆಳಗಿಟ್ಟಾಗ ನೀನೂ ಇಡು.

ಮೊದಲೇ ಬಿಡಿಸಿ ಹೇಳಬೇಕಿತ್ತು. ಕಾಗದದಲ್ಲಿ ಬರೆಯುವ ಮಾತಲ್ಲವೆಂದು ಸುಮ್ಮನಿದ್ದೆ. ಓದಿದವಳು, ಕೂತ ಎರಡು ದಿನಕ್ಕೆ ಅರ್ಥಮಾಡಿಕೊಳ್ಳುತ್ತಾಳೆ ಎಂದುಕೊಂಡೆ. ಕಣ್ಣಿಗೆ ವಿಶ್ರಾಂತಿ ಎನ್ನುವುದು ನಾವು ಮೇಲಿನವರಿಗೆ ಹೇಳಿದ ಮಾತು. ಅದೂ ಸುಳ್ಳಲ್ಲ. ಆದರೆ ಸಾಲಿನಲ್ಲಿ ಕಾಲು ಊದಿಕೊಂಡವಳು ಇರುತ್ತಾಳೆ, ತಿಂಗಳು ತುಂಬಿದವಳು ಇರುತ್ತಾಳೆ, ಮನೆಯಲ್ಲಿ ಹೊಡೆಸಿಕೊಂಡು ಬಂದವಳು ಇರುತ್ತಾಳೆ. ಅಂಥ ದಿನ ಅವಳ ಕೈ ಓಡುವುದಿಲ್ಲ. ನಾವೆಲ್ಲ ಕಿಟಕಿ ನೋಡುತ್ತ ಕೂತಿರುವಾಗ ಅವಳು ತನ್ನ ತಟ್ಟೆ ಮುಗಿಸಿಕೊಳ್ಳುತ್ತಾಳೆ. ಅವಳದು ಮುಗಿದ ಮೇಲೆಯೇ ಅಕ್ಕ ಮೇಜು ತಟ್ಟುವುದು. ಹಲಗೆಯ ಮೇಲೆ ಯಾರೂ ಹಿಂದೆ ಬೀಳುವುದಿಲ್ಲ. ಇದನ್ನು ಶುರುಮಾಡಿದವಳು ನಾನು. ಗಡಿಯಾರನ ಕಣ್ಣು ತಪ್ಪಿಸಿ ಇದನ್ನು ರೂಢಿ ಮಾಡಲು ನಮಗೆ ವರ್ಷಗಳೇ ಹಿಡಿದವು.

ಹೋದ ಚಳಿಗಾಲವೆಲ್ಲ ಕೆಮ್ಮುತ್ತ ನಾನು ಆ ಕುರ್ಚಿಯಲ್ಲಿ ಹೇಗೆ ಕೂತಿದ್ದೆ ಎಂದುಕೊಂಡಿದ್ದೀಯ? ಇಡೀ ಸಾಲು ನನಗೋಸ್ಕರ ಕಿಟಕಿ ನೋಡಿತು. ನಿನ್ನನ್ನು ಕಾಲೇಜಿಗೆ ಕಳಿಸಿದ್ದು ಆ ಕಿಟಕಿ.

ಅವರಿಗೆ ಹೊಟ್ಟೆಕಿಚ್ಚು ಎಂದು ಬರೆದಿದ್ದೀಯ. ಓದಿ ನಾಚಿಕೆಯಾಯಿತು. ಅಕ್ಕನ ಹತ್ತಿರ ಹೋಗಿ ಕ್ಷಮೆ ಕೇಳು.

ಅಮ್ಮ


ಮೇ 16

ಅಮ್ಮ,

ನಿನ್ನ ಕಾಗದ ಗುರುವಾರ ಬಂತು. ನೋಟೀಸು ಬುಧವಾರವೇ ಅಂಟಿಸಿದ್ದರು.

ಇನ್ನು ಮೇಲೆ ಪ್ರತಿಯೊಂದು ಕುರ್ಚಿಯೂ ಏಳನೇ ಕುರ್ಚಿಯಷ್ಟೇ ತಟ್ಟೆ ಮುಗಿಸಬೇಕು. ಏಳನೇ ಕುರ್ಚಿ ಎಂದರೆ ನಿನ್ನದು. ನೋಟೀಸಿನಲ್ಲಿ ನಿನ್ನ ಹೆಸರೂ ಇದೆ, ಮೆಚ್ಚುಗೆಯ ಮಾತಿನ ಜೊತೆ. ಹೊರಗಿನ ಬೆಳಕಿನಿಂದ ತಪಾಸಣೆ ಕೆಡುತ್ತದೆ ಎಂದು ಕಿಟಕಿಯ ಗಾಜಿಗೆ ಬಿಳಿ ಬಣ್ಣ ಬಳಿದರು. ಬಣ್ಣ ಬಳಿಯುವವನು ಏಣಿ ಹತ್ತಿ ನಿಂತಿದ್ದಾಗ ಸಾಲಿನವರೆಲ್ಲ ತಲೆಯೆತ್ತಿ ನೋಡಿದರು. ಗಡಿಯಾರ ಅದಕ್ಕೆ ಏನೂ ಅನ್ನಲಿಲ್ಲ.

ನೀನು ಹೇಳಿದ ಹಾಗೆ ಶುಕ್ರವಾರದಿಂದ ನಿಧಾನ ಮಾಡಿದೆ. "ಯಾಕಮ್ಮಾ, ಹುಷಾರಿಲ್ವಾ? ನಿಮ್ಮಮ್ಮನ ಕಾಯಿಲೆ ನಿನಗೂ ಹತ್ತಿತಾ?" ಅಂದರು ಗಡಿಯಾರ. ಈಗ ನಾನು ಕಡಿಮೆ ಮಾಡಿದರೆ ಬೇಕೆಂದೇ ಮಾಡುತ್ತಿದ್ದೇನೆ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ, ಒಮ್ಮೆ ಮಾಡಿ ತೋರಿಸಿಬಿಟ್ಟಿದ್ದೇನಲ್ಲ.

ಅಕ್ಕನ ಹತ್ತಿರ ಕ್ಷಮೆ ಕೇಳಿದೆ. ಕೈ ತೊಳೆಯುವ ತೊಟ್ಟಿಯ ಹತ್ತಿರ ಸಿಕ್ಕಿದರು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. "ನೀನು ಚಿಕ್ಕವಳು, ನಿನಗೆ ಬೈದು ನನಗೇನು ಬರುತ್ತೆ? ನಿಮ್ಮಮ್ಮ ಬಂದು ಆ ಲೆಕ್ಕಕ್ಕೆ ಹೇಗೆ ಕೂತ್ಕೋತಾಳೆ, ಅದನ್ನ ಯೋಚನೆ ಮಾಡಿದ್ಯಾ?" ಅಂದರು.

ಅಲ್ಲಿಯವರೆಗೂ ಯೋಚಿಸಿರಲಿಲ್ಲ ಅಮ್ಮ. ಆಮೇಲಿಂದ ಬೇರೆ ಏನನ್ನೂ ಯೋಚಿಸಿಲ್ಲ.

ದೊಡ್ಡವಳು


ಮೇ 26

ಅಮ್ಮನಿಗೆ ಪುಟ್ಟಿ ಬರೆಯುವ ಕಾಗದ.

ಅಕ್ಕನಿಗೆ ಹೇಳದೆ ಬರೀತಿದ್ದೀನಿ. ಅಕ್ಕ ಸರಿಯಾಗಿ ಊಟ ಮಾಡಲ್ಲ. ತಟ್ಟೆ ಮುಂದೆ ಇಟ್ಟರೆ ಅದನ್ನೇ ದಿಟ್ಟಿಸಿ ನೋಡ್ತಾ ಕೂತಿರ್ತಾಳೆ. ನಾನು ಒಂದು ದಿನ "ಚುಕ್ಕೆ ಕಾಣಿಸ್ತಾ?" ಅಂದೆ. ತಮಾಷೆಗೆ ಅಂದಿದ್ದು. ಅಳೋಕೆ ಶುರುಮಾಡಿದಳು. ನಾನೂ ಅತ್ತೆ. ಅಪ್ಪ ಎದ್ದು ಬಂದು ಯಾಕೆ ಅಂತ ಕೇಳಲೇ ಇಲ್ಲ, ನಮ್ಮಿಬ್ಬರ ನಡುವೆ ಕೂತುಕೊಂಡು ಆರಿಹೋಗಿದ್ದ ನಮ್ಮ ಊಟ ಅವರೇ ಮಾಡಿಬಿಟ್ಟರು. ಆಮೇಲೆ ನಮಗೆ ಹೊಸದಾಗಿ ಬಡಿಸಿದರು.

ಲೆಕ್ಕದ ಪರೀಕ್ಷೆಯಲ್ಲಿ ನಾನು ಪಾಸು. ನೀನು ಬಾ. ಶಾಲಿನಲ್ಲಿ ಈಗ ನಿನ್ನ ವಾಸನೆ ಇಲ್ಲ, ನನ್ನದೇ ಇದೆ.

ಪುಟ್ಟಿ


ಜೂನ್ 5

ದೊಡ್ಡವಳಿಗೆ,

ಡಾಕ್ಟರು ನೋಡಿದರು. ಒಂದು ಕಡೆಯ ಶ್ವಾಸಕೋಶ ಪರವಾಗಿಲ್ಲ, ಇನ್ನೊಂದು ಅಷ್ಟಕ್ಕಷ್ಟೇ. ಕೂತು ಮಾಡುವ ಕೆಲಸವಾದರೆ ಜುಲೈಯಿಂದ ಮಾಡಬಹುದು, ಔಷಧಿ ಮಾತ್ರ ಇನ್ನೂ ಬಹಳ ದಿನ ಬೇಕು ಎಂದಿದ್ದಾರೆ. ಕಾರ್ಖಾನೆಯಿಂದಲೂ ಕಾಗದ ಬಂತು. ಕುರ್ಚಿಗೆ ಮರಳುವ ಮೊದಲು ಒಂದು ದಿನ ಬಂದು ಕೂತು ತೋರಿಸಬೇಕಂತೆ. ಹಿಂದೆ ಇಂಥದ್ದು ಇರಲಿಲ್ಲ. ಇಪ್ಪತ್ತನೆಯ ತಾರೀಕು ಕರೆದಿದ್ದಾರೆ. ಆಸ್ಪತ್ರೆಯ ವ್ಯಾನು ಬೆಳಿಗ್ಗೆ ಬಿಟ್ಟು ಸಂಜೆ ವಾಪಸು ಕರೆದುಕೊಂಡು ಬರುತ್ತದೆ.

ನರ್ಸಮ್ಮನಿಂದ ಖಾಲಿ ಬಾಟಲಿಗಳನ್ನು ಬೇಡಿ ತೆಗೆದುಕೊಂಡಿದ್ದೇನೆ. ನೀರು ತುಂಬಿಸಿ ಮುಚ್ಚಳ ಹಾಕಿ ಜಗಲಿಯಲ್ಲಿ ಕೂತು ಎತ್ತುತ್ತೇನೆ. ಪಕ್ಕದ ಹಾಸಿಗೆಯವಳು ಗಡಿಯಾರನ ಪಾತ್ರ ಮಾಡುತ್ತಾಳೆ, ಹಿಂದೆ ಕೈ ಕಟ್ಟಿಕೊಂಡು ಓಡಾಡುತ್ತ "ಬೇಗ ಬೇಗ" ಎನ್ನುತ್ತಾಳೆ. ಬೆಳಿಗ್ಗೆ ಚೆನ್ನಾಗಿಯೇ ಆಗುತ್ತದೆ. ಮಧ್ಯಾಹ್ನ ಸ್ವಲ್ಪ ಕೈ ನಡುಗುತ್ತದೆ. ಇನ್ನೂ ದಿನಗಳಿವೆ.

ನೀನು ಊಟ ಮಾಡು. ಯಾರು ಹೇಳಿದರು ಎಂದು ಕೇಳಬೇಡ. ಪುಸ್ತಕ ತೆಗೆದು ನೋಡುತ್ತಿದ್ದೀಯ ತಾನೇ? ಕಾಲೇಜು ತೆರೆದ ಮೇಲೆ ಮರೆತೆನೆಂದು ಬಾಯಿ ಬಾಯಿ ಬಿಡಬೇಡ.

ಅಮ್ಮ


ಜೂನ್ 22

ಅಮ್ಮ,

ವ್ಯಾನು ಹೊರಟಾಗ ನೀನು ಕಿಟಕಿಯಿಂದ ಏನೋ ಹೇಳಿದೆ. ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ, ನಾನು ಸುಮ್ಮನೆ ತಲೆ ಆಡಿಸಿದೆ.

ಮೊನ್ನೆ ನಡೆದದ್ದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಮಾತಾಡಲು ಸಮಯವಿರಲಿಲ್ಲ ಎಂದುಕೊಳ್ಳೋಣ. ನೀನು ಕೂತಾಗ ನನ್ನನ್ನೇ ನಿನ್ನ ಹಿಂದೆ ನಿಲ್ಲಿಸುತ್ತಾರೆ ಎಂದು ನನಗೆ ಮೊದಲೇ ಗೊತ್ತಿರಲಿಲ್ಲ ಅಮ್ಮ, ಆಣೆಗೂ. ಗೊತ್ತಿದ್ದರೆ ಆ ದಿನ ಕೆಲಸಕ್ಕೇ ಬರುತ್ತಿರಲಿಲ್ಲ. ನೀನು ಎಷ್ಟು ಚೆನ್ನಾಗಿ ಎತ್ತುತ್ತಿದ್ದೆ. ನಾನು ಅವಸರದಲ್ಲಿ ಬಿಟ್ಟುಬಿಡಬಹುದಾಗಿದ್ದ ಒಂದು ಎಳೆಯನ್ನು ನೀನು ಹಿಡಿದು ಕೆಂಪು ಡಬ್ಬಿಗೆ ಹಾಕಿದೆ. ಅದನ್ನು ನಾನು ನೋಡಿದೆ, ಅಕ್ಕನೂ ನೋಡಿದರು. ಹಲಗೆಯಲ್ಲಿ ಅದಕ್ಕೆ ಜಾಗವಿಲ್ಲ.

ಸಾಲಿನವರು ಏನು ಮಾಡಿದರೆಂದು ನಿನಗೆ ಕಂಡಿತೋ ಇಲ್ಲವೋ. ನೀನು ಮೂರನೆಯ ತಟ್ಟೆಯಲ್ಲಿ ಕೆಮ್ಮಲೆಂದು ಕೈ ನಿಲ್ಲಿಸಿದಾಗ ಅಕ್ಕ ಕೈ ಕೆಳಗಿಟ್ಟು ಆ ಬಿಳಿ ಬಳಿದ ಗಾಜಿನ ಕಡೆ ನೋಡುತ್ತ ಕೂತರು. ಎಲ್ಲರೂ ಕೂತರು. ಗಡಿಯಾರ "ಏನ್ರೀ ಇದು" ಅಂದರೂ ಕದಲಲಿಲ್ಲ. ಆದರೂ ನಿನ್ನ ತಟ್ಟೆ ಮುಗಿಯಲಿಲ್ಲ. ಅವರು ನಿನ್ನನ್ನು ಅಳೆದದ್ದು ಸಾಲಿನ ಜೊತೆ ಅಲ್ಲ, ನನ್ನ ಮೇ ತಿಂಗಳ ಜೊತೆ.

ಇವತ್ತು ಆಫೀಸಿಗೆ ಕರೆದರು. ನಿನ್ನ ಕುರ್ಚಿಯನ್ನು ನನ್ನ ಹೆಸರಿಗೆ ಮಾಡಿಕೊಡುತ್ತಾರಂತೆ. ಹಾಗೆ ಮಾಡಿದರೆ ನಿನ್ನ ಹಾಸಿಗೆ, ಔಷಧಿ ಎಲ್ಲ ನನ್ನ ಕುರ್ಚಿಯಿಂದಲೇ ನಡೆಯುತ್ತದೆ. ಬೇಡವೆಂದರೆ ಈ ತಿಂಗಳ ಕೊನೆಗೆ ಹೊಸಬರನ್ನು ತೆಗೆದುಕೊಳ್ಳುತ್ತಾರೆ. ಅಪ್ಪನ ಜೊತೆ ಬಾಗಿಲಲ್ಲಿ ನಿಂತು ಮಾತಾಡಿದೆ. ಅವರು ಬಹಳ ಹೊತ್ತು ಚಪ್ಪಲಿಯನ್ನೇ ಬಿಡಲಿಲ್ಲ. "ನಿಮ್ಮಮ್ಮನ್ನ ಒಂದು ಮಾತು ಕೇಳು" ಅಂದರು.

ಕೇಳುತ್ತಿದ್ದೇನೆ. ಹೋಗು ಅಂದರೆ ಕಾಲೇಜಿಗೆ ಹೋಗುತ್ತೇನೆ, ಇರು ಅಂದರೆ ಇರುತ್ತೇನೆ. ಬೇಗ ಬರಿ.

ದೊಡ್ಡವಳು


ಜುಲೈ 4

ಅಮ್ಮ,

ನಿನ್ನಿಂದ ಕಾಗದ ಬರಲಿಲ್ಲ. ಮೂವತ್ತನೆಯ ತಾರೀಕು ಸಂಜೆಯವರೆಗೂ ಕಾದೆ, ಆಮೇಲೆ ಸಹಿ ಹಾಕಿದೆ. ಹಲಗೆಯ ಮೇಲೆ ಈಗ ನನ್ನ ಹೆಸರು.

ಕಾಲೇಜು ನಿನ್ನೆ ತೆರೆಯಿತು. ಆ ದಾರಿಯಲ್ಲಿ ಹೋಗಬಾರದೆಂದುಕೊಂಡು ಬೇರೆ ಬಸ್ಸು ಹತ್ತಿದೆ. ಅದೂ ಅಲ್ಲಿಂದಲೇ ಹೋಗುತ್ತದೆಂದು ಗೊತ್ತಿರಲಿಲ್ಲ. ನನ್ನ ತರಗತಿಯವರು ಗೇಟಿನ ಹತ್ತಿರ ಗುಂಪುಗಟ್ಟಿ ನಿಂತಿದ್ದರು. ಬಸ್ಸಿನಲ್ಲಿ ತಲೆ ಬಗ್ಗಿಸಿ ಕೂತೆ, ಅಷ್ಟೆ.

ಕನ್ನಡಕದ ಅಕ್ಕನನ್ನು ಹೋದ ಶನಿವಾರ ಕೆಲಸದಿಂದ ಬಿಡಿಸಿದರು. ಹೊಸ ಲೆಕ್ಕಕ್ಕೆ ಅವರ ಕೈ ಓಡಲಿಲ್ಲ. ಹೋಗುವಾಗ ನನ್ನ ತಲೆ ಸವರಿ ಹೋದರು. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಸಿಟ್ಟಿದ್ದರೆ ಸಿಟ್ಟು ಅಂತಲೇ ಬರಿ ಅಮ್ಮ. ಸುಮ್ಮನಿರಬೇಡ.

ದೊಡ್ಡವಳು


ಜುಲೈ 12

ದೊಡ್ಡವಳಿಗೆ,

ಸಿಟ್ಟಿದೆ. ಇಲ್ಲ ಎಂದು ಬರೆಯೋಣವೆಂದು ಎಷ್ಟೋ ಸಲ ಕೂತೆ, ಕೈ ಬರಲಿಲ್ಲ. ನಿನ್ನ ಮೇಲೆ ಸಿಟ್ಟಿದೆ, ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದಕ್ಕೆ ನನ್ನ ಮೇಲೆ ಅದರ ಎರಡರಷ್ಟು ಸಿಟ್ಟಿದೆ. ನೀನು ನನ್ನ ಹೆಸರು ಮೇಲೆ ಬರಲಿ ಎಂದು ಮಾಡಿದೆ. ಅದು ಗೊತ್ತು.

ಜೂನ್ ಕೊನೆಗೆ ನಿಮ್ಮಪ್ಪ ನೋಡಲು ಬಂದಿದ್ದರು. ಹಾಸಿಗೆ ಬಿಟ್ಟು ಮನೆಗೆ ಬರುತ್ತೇನೆ, ಅವಳನ್ನು ಕಾಲೇಜಿಗೆ ಕಳಿಸಿ ಎಂದೆ. "ಔಷಧಿ ಬಿಟ್ರೆ ಎಷ್ಟು ದಿನ ಇರ್ತೀಯ?" ಅಂದರು. ನಾನು ಇನ್ನೊಂದು ಸಲ ಹೇಳಲಿಲ್ಲ. ಇದನ್ನೇ ನಿನಗೆ ಹೇಗೆ ಬರೆಯುವುದೆಂದು ತಿಳಿಯದೆ ಸುಮ್ಮನಿದ್ದೆ. ನಿಜ ಹೇಳುತ್ತೇನೆ, ನನಗೆ ಬದುಕಬೇಕು ಅನ್ನಿಸಿತು. ಕಾಲೇಜಿಗೆ ಹೋಗಲೇ ಎಂದು ನೀನು ಕೇಳಿದ್ದೆ. ಹೋಗು ಎನ್ನಬೇಕಾದ ಬಾಯಿ ಸುಮ್ಮನಿತ್ತು. ನಿನ್ನ ತಪ್ಪಿನ ಪಕ್ಕ ನನ್ನದನ್ನೂ ಇಟ್ಟು ನೋಡು, ನಿನ್ನದು ಅಷ್ಟು ಭಾರ ಅನ್ನಿಸಲಿಕ್ಕಿಲ್ಲ.

ಅಕ್ಕನ ಮನೆಗೆ ಒಂದು ಸಲ ಹೋಗಿ ಬಾ. ಮಾತಾಡದಿದ್ದರೂ ಪರವಾಗಿಲ್ಲ, ಅವಳು ಹೇಳಿದ ಕೆಲಸ ಏನಾದರೂ ಮಾಡಿಕೊಡು. ನಿನ್ನ ಪುಸ್ತಕಗಳನ್ನು ಯಾರಿಗೂ ಕೊಡಬೇಡ, ಬಟ್ಟೆ ಸುತ್ತಿ ಅಟ್ಟದ ಮೇಲಿಡು, ಪುಟ್ಟಿಗೆ ಬೇಕಾಗುತ್ತದೆ.

ಇನ್ನು ಕೆಲಸದ ವಿಷಯ. ಆ ಕುರ್ಚಿ ನಿನಗೆ ತಗ್ಗು, ಕೆಳಗೆ ಒಂದು ಮಣೆ ಇಟ್ಟುಕೋ. ದೀಪವನ್ನು ನೇರ ದಿಟ್ಟಿಸಬೇಡ, ಬಾಟಲಿಯನ್ನು ನೋಡು. ಊಟದ ಹೊತ್ತಿಗೆ ಕಣ್ಣಿಗೆ ತಣ್ಣೀರು ಹಾಕು. ಮಣಿಕಟ್ಟು ತಿರುಗಿಸಿ ಎತ್ತುತ್ತಿದ್ದೆ ನೀನು, ಅವತ್ತು ನಾನೆದ್ದ ಮೇಲೆ ನೀನು ಕೂತಾಗ ನೋಡಿದೆ. ಹಾಗೆ ಎತ್ತಬಾರದು. ಮೊಣಕೈಯನ್ನು ಮೇಜಿಗೆ ಊರಿ ಮೇಲೆತ್ತು, ನೋವು ಬಂದರೆ ಅವತ್ತೇ ಬಿಸಿನೀರಿನಲ್ಲಿ ಇಡು, ನಾಳೆಗೆ ಬಿಡಬೇಡ. ಆ ಕೈ ಇನ್ನು ಮೂವತ್ತು ವರ್ಷ ಬರಬೇಕು.

ಅಮ್ಮ